ಕಲ್ಲಿಗೆ ಒಂದು ಹಿಡಿ ಅಕ್ಕಿ

ಹೋದ ಭಾನುವಾರ ಊಟಕ್ಕೆ ಕೂತಿದ್ದಾಗ ನೀವಿಬ್ಬರೂ ವಾದಕ್ಕೆ ಬಿದ್ದಿರಿ. ದೊಡ್ಡ ಅಂಗಡಿಗಳಲ್ಲಿ ಗಿರಾಕಿಯನ್ನು ಮಾತಾಡಿಸುವವರೇ ಇಲ್ಲ ಎಂದು ದೊಡ್ಡವಳು. ಮಾತಾಡಿಸುವವರು ಯಾಕೆ ಬೇಕು, ಸಾಮಾನು ಸರಿಯಾಗಿ ಸಿಕ್ಕಿದರೆ ಸಾಕು ಎಂದು ಚಿಕ್ಕವನು. "ಅಜ್ಜಿ, ನೀನು ಅಲ್ಲೇ ಕೆಲ್ಸ ಮಾಡೋಳಲ್ವಾ, ನೀನೇ ಹೇಳು" ಅಂದಿರಿ. ನಾನು ಸಾರು ಬಡಿಸಿ ಒಳಗೆ ಹೋದೆ. ನನಗೆ ಉತ್ತರ ಹೊಳೆಯುವುದು ತಟ್ಟೆ ತೊಳೆಯುವಾಗ. ಅಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಾರೆ. ಅದಕ್ಕೇ ಬರೆಯಲು ಕೂತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದು ಇಷ್ಟಕ್ಕೆ ಸಾಕಾಗುತ್ತದೆ ಎಂದುಕೊಂಡಿದ್ದೇನೆ. ನಿಮ್ಮ ಪ್ರಶ್ನೆಗೆ ಇದು ಉತ್ತರವೋ ಅಲ್ಲವೋ ನೀವೇ ನೋಡಿ. ನನ್ನ ಕೆಲಸದಲ್ಲಿ ನಡೆದ ನಾಲ್ಕೈದು ದಿನದ ಒಂದು ಸಂಗತಿ, ಅಷ್ಟೇ.

ಮಲ್ಲೇಶ್ವರದ ನಮ್ಮ ಅಂಗಡಿ ನೀವು ನೋಡಿದ್ದೀರಿ. ಮೂರು ಮಹಡಿ, ಮೇಲೆ ಬಟ್ಟೆ, ನಡುವೆ ಪಾತ್ರೆ ಪಡಗ, ಕೆಳಗೆ ದಿನಸಿ. ಊರೂರಲ್ಲಿ ಅದೇ ಹೆಸರಿನ, ಅದೇ ಬಣ್ಣದ ಅಂಗಡಿಗಳಿವೆ. ದಿನಸಿಯ ಕೊನೆಯಲ್ಲಿ, ಗಾಜಿನ ಗೋಡೆಯ ಹಿಂದೆ ಹಿಟ್ಟಿನ ಗಿರಣಿ. ಅಂಗಡಿಯಲ್ಲಿ ಕಾಳು ಕೊಂಡರೆ ಅಲ್ಲೇ ಬೀಸಿಕೊಡುತ್ತಾರೆ. ನಾನು ಮೊದಲು ನೆಲ ಒರೆಸುವ ಕೆಲಸಕ್ಕೆ ಸೇರಿದವಳು. ಗಿರಣಿಯಲ್ಲಿ ಇದ್ದವನಿಗೆ ರೊಟ್ಟಿಯ ಹಿಟ್ಟು ಯಾವ ಹದ, ಚಕ್ಕುಲಿಯ ಹಿಟ್ಟು ಯಾವ ಹದ ಎನ್ನುವುದು ಗೊತ್ತಿರಲಿಲ್ಲ. ಗಿರಾಕಿಗಳು ಜಗಳ ಮಾಡುವುದನ್ನು ನೋಡಲಾರದೆ ಒಂದು ದಿನ ಪೊರಕೆ ಇಟ್ಟು, ಹಿಟ್ಟನ್ನು ಹೆಬ್ಬೆರಳಲ್ಲಿ ಉಜ್ಜಿ, "ಕಲ್ಲು ಇನ್ನೊಂದು ಸುತ್ತು ಬಿಗಿ ಮಾಡಪ್ಪ" ಎಂದೆ. ಮುಂದಿನ ತಿಂಗಳು ಅಲ್ಲಿಗೇ ಹಾಕಿದರು.

ಗಿರಣಿಯಲ್ಲಿ ಮಾತು ಬೇಕಿಲ್ಲ, ಅದು ನನಗೆ ಅನುಕೂಲ. ಮಿಷನ್ನಿನ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಆದರೆ ಅಲ್ಲೊಂದು ಕ್ರಮವಿದೆ. ಕಂಪನಿಯ ನಿಯಮದ ಪ್ರಕಾರ ಟೋಕನ್ ನಂಬರಿನಂತೆ ಬೀಸಬೇಕು. ಹಾಗೆ ಮಾಡಿದರೆ ಒಬ್ಬರ ರಾಗಿಯ ಮೇಲೆ ಇನ್ನೊಬ್ಬರ ಅಕ್ಕಿ ಬಿದ್ದು ಹಿಟ್ಟು ಬೂದಿಯ ಬಣ್ಣ ತಿರುಗುತ್ತದೆ. ಹಳ್ಳಿಯ ಗಿರಣಿಯವರು ಎಂದೂ ಹಾಗೆ ಮಾಡುವುದಿಲ್ಲ. ಬೆಳಿಗ್ಗೆ ಕಲ್ಲು ತಣ್ಣಗಿರುವಾಗ ಅಕ್ಕಿ, ಆಮೇಲೆ ಗೋಧಿ, ಕಡಲೆಬೇಳೆ, ಕೊನೆಗೆ ರಾಗಿ. ಕ್ರಮ ತಪ್ಪಿ ಬಂದವರಿದ್ದರೆ, ಅವರ ಕಾಳಿನದೇ ಒಂದು ಹಿಡಿ ಮೊದಲು ಸುರಿದು ಬೀಸಿ, ಆ ಹಿಟ್ಟನ್ನು ಬೇರೆ ಇಡುವುದು. ಅದನ್ನು ಕಲ್ಲಿಗೆ ಹಾಕುವ ಹಿಡಿ ಎನ್ನುತ್ತಾರೆ. ಕಲ್ಲಿನ ಬಾಯಿ ತೊಳೆದ ಹಾಗೆ. ನನ್ನ ತಾಯಿ ಬೀಸುವ ಕಲ್ಲಿಗೂ ಹೀಗೇ ಮಾಡುತ್ತಿದ್ದರು. ನಾನೂ ಟೋಕನ್ನುಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ, ಕಾದವರಿಗೆ ಕೂರಲು ಸ್ಟೂಲು ಕೊಟ್ಟು, ಕ್ರಮ ಉಳಿಸಿಕೊಂಡಿದ್ದೆ. ನಮ್ಮ ಗಿರಣಿಯ ಹಿಟ್ಟು ಚೆನ್ನಾಗಿದೆ ಎಂದು ಸುತ್ತಲಿನವರು ಹೇಳುತ್ತಿದ್ದರು. ನನಗೆ ಅದರ ಹೆಮ್ಮೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಒಂದು ದಿನ ಹನ್ನೆರಡು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಮೂವತ್ತೈದರ ಒಳಗಿನ ವಯಸ್ಸು, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಎರಡು ದಿನದ ಹಿಂದೆ ನಮ್ಮಲ್ಲೇ ಅಕ್ಕಿ ಕೊಂಡು, ತೊಳೆದು, ನೆರಳಲ್ಲಿ ಒಣಗಿಸಿ ತಂದಿದ್ದರು. ಬಿಲ್ಲನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದರು.

"ಇದ್ರಲ್ಲಿ ಗೋಧಿ ಬೀಸ್ತೀರಾ?" ಎಂದರು.

"ಬೀಸ್ತೀವಿ ಮೇಡಂ."

"ಹಂಗಾದ್ರೆ ಆಗಲ್ವೇನೋ. ನನ್ನ ಮಗಳಿಗೆ ಗೋಧಿ ಸೋಕ್ಲೇಬಾರ್ದು. ಒಂಚೂರೂ. ಗೋಧೀಲಿರೋ ಅಂಟು ಅವಳ ಹೊಟ್ಟೆಗೆ ವಿಷದ ಥರ ಅಂತ ಡಾಕ್ಟ್ರು ಹೇಳಿದಾರೆ. ಒಂದು ವರ್ಷ ಆಸ್ಪತ್ರೆ ಆಸ್ಪತ್ರೆ ಸುತ್ತಿ ಈಗ ಮೈ ಕೈ ತುಂಬ್ಕೊಂಡಿದಾಳೆ. ನಾಳೆ ಅವಳ ಹುಟ್ಟಿದಬ್ಬ. ಕೋಡುಬಳೆ ಬೇಕಂತೆ."

ಮಲ್ಲೇಶ್ವರದಲ್ಲಿ ಇಂಥ ಮಾತು ನನಗೆ ಹೊಸದಲ್ಲ. ಮಡಿಯ ಹಿಟ್ಟು ಬೇಕೆಂದು ಬರುವ ವಯಸ್ಸಾದವರಿದ್ದಾರೆ. ಬೇರೆ ಯಾವುದೂ ಬೆರೆಯಬಾರದು, ನೀವು ಮುಟ್ಟಬಾರದು, ನಾವೇ ಸುರಿಯುತ್ತೇವೆ ಎನ್ನುತ್ತಾರೆ. ಅವರಿಗೆ ನಾನು ಕಲ್ಲು ಒರೆಸಿ, ಹಿಡಿ ಹಾಕಿ, ದೂರ ನಿಂತು ಬೀಸಿಕೊಡುತ್ತೇನೆ. ಈ ಹೆಂಗಸು ಹೇಳಿದ್ದನ್ನೂ ನನ್ನ ಮನಸ್ಸು ಅದೇ ಮೂಲೆಯಲ್ಲಿ ಇಟ್ಟಿತು. ನನ್ನ ತಪ್ಪು ಶುರುವಾದದ್ದು ಅಲ್ಲಿ.

"ಯೋಚ್ನೆ ಮಾಡ್ಬೇಡಿ ಮೇಡಂ, ಶುದ್ಧವಾಗಿ ಮಾಡ್ಕೊಡ್ತೀನಿ" ಎಂದೆ.

ಅವರು ಗಂಟನ್ನು ನನ್ನ ಮುಂದಿಟ್ಟರು. "ನಮ್ಮನೆ ಹತ್ರ ವೈಯಾಲಿಕಾವಲ್‌ನಲ್ಲಿ ಒಂದು ಫ್ಲೋರ್ ಮಿಲ್ ಇದೆ. ಅವರು ಆಗಲ್ಲ ಅಂದ್ಬಿಟ್ರು. ನಿಮ್ದು ಇಷ್ಟು ದೊಡ್ಡ ಅಂಗಡಿ, ನೀವು ಎಲ್ಲಾ ಪದ್ಧತಿ ಪ್ರಕಾರ ಮಾಡ್ತೀರಿ ಅಂತ ನಂಬಿ ಬಂದೆ" ಎಂದರು.

ಆಗಷ್ಟೇ ಒಬ್ಬರ ಐದು ಕೆಜಿ ಗೋಧಿ ಇಳಿಸಿದ್ದೆ. ಮಿಷನ್ ಆಗಲೇ ನಿಲ್ಲಿಸಿದ್ದೆ. ಕಾಳು ಸುರಿಯುವ ಬಾಯನ್ನು ಬ್ರಷ್ಷಿನಿಂದ ಉಜ್ಜಿದೆ. ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಬಿಚ್ಚಿ ಕೊಡವಿ, ಒಗೆದಿಟ್ಟಿದ್ದ ಬೇರೆ ತೋಳು ಕಟ್ಟಿದೆ. ಅವರ ಅಕ್ಕಿಯಿಂದ ಒಂದಲ್ಲ, ಎರಡು ಹಿಡಿ ಕಲ್ಲಿಗೆ ಹಾಕಿ, ಆ ಹಿಟ್ಟನ್ನು ಬುಟ್ಟಿಗೆ ಚೆಲ್ಲಿದೆ. ಆಮೇಲೆ ಬಂದ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ತೋರಿಸಿದೆ. "ನೋಡಿ ಮೇಡಂ, ಹಾಲಿನ್ ಥರ ಇದೆ." ಅವರು ಮೊದಲ ಸಲ ನಕ್ಕರು. ಮೂರು ಕೆಜಿ ಬೀಸಿ, ಗಂಟು ಕಟ್ಟಿಕೊಟ್ಟೆ. ಅಂಗಡಿಯ ತರಬೇತಿಯಲ್ಲಿ ಕಲಿಸಿದಂತೆ "ಮತ್ತೇನಾದ್ರೂ ಬೇಕಾ ಮೇಡಂ?" ಎಂದೂ ಕೇಳಿದೆ.

ಮೂರು ಗಂಟೆಗೆ ಮಿಷನ್ ರಿಪೇರಿಯವನು ಬಂದ. ಹಿಟ್ಟು ಬಿಸಿಯಾಗಿ ಬೀಳುತ್ತಿದೆ, ಕಲ್ಲು ಸವೆದಿದೆ ಎಂದು ನಾನೇ ವಾರದ ಹಿಂದೆ ಬರೆಸಿದ್ದೆ. ಕಲ್ಲಿಗೆ ಉಳಿಯಿಂದ ಹೊಸದಾಗಿ ಕಚ್ಚು ಹೊಡೆಯಬೇಕಿತ್ತು. ಅವನು ನಾಲ್ಕು ಬೋಲ್ಟು ಬಿಚ್ಚಿ ಮುಂದಿನ ಮುಚ್ಚಳ ತೆಗೆದ. ಅಷ್ಟು ದಿನ ಗಿರಣಿ ನಡೆಸಿದರೂ ಒಳಗಿನದನ್ನು ನಾನು ನೋಡಿದ್ದು ಅಂದೇ. ಕಲ್ಲಿಗೂ ಸುತ್ತಲಿನ ಕಬ್ಬಿಣದ ಕವಚಕ್ಕೂ ನಡುವೆ ಹಿಟ್ಟು ರೊಟ್ಟಿಯ ದಪ್ಪಕ್ಕೆ ಅಂಟಿ ಕೂತಿತ್ತು. ಅವನು ಸ್ಕ್ರೂಡ್ರೈವರಿನಿಂದ ಕೆರೆದ ಹಾಗೆ ಚಕ್ಕೆ ಚಕ್ಕೆಯಾಗಿ ಉದುರಿತು.

"ಇದೇನಪ್ಪ ಇಷ್ಟೊಂದು?" ಎಂದೆ.

"ಎಲ್ಲಾ ಮಿಷನ್ನಲ್ಲೂ ಇರತ್ತಮ್ಮ. ಅರ್ಧ ಕೆಜಿ ಯಾವಾಗ್ಲೂ ಒಳಗೇ ಕೂತಿರತ್ತೆ. ಒಂದೊಂದ್ ಚೂರು ಉದುರಿ ಮುಂದಿನವರ ಹಿಟ್ಟಿಗೆ ಹೋಗತ್ತೆ, ಹೊಸದು ಬಂದು ಕೂರತ್ತೆ. ಯಾರ್ಗೆ ಗೊತ್ತಾಗತ್ತೆ?"

ಒಂದು ಚಕ್ಕೆಯನ್ನು ಎತ್ತಿಕೊಂಡೆ. ಬೆಳ್ಳಗಿತ್ತು. ನಲ್ಲಿಯ ಹತ್ತಿರ ಹೋಗಿ ಎರಡು ಹನಿ ನೀರು ಹಾಕಿ ಅಂಗೈಯಲ್ಲಿ ನಾದಿದೆ. ಅಕ್ಕಿ ಹಿಟ್ಟಾಗಿದ್ದರೆ ಎಳೆದ ಕೂಡಲೇ ಹರಿದು ಪುಡಿಯಾಗಬೇಕು. ಇದು ಹರಿಯಲಿಲ್ಲ. ರಬ್ಬರಿನಂತೆ ಉದ್ದಕ್ಕೆ ಬಂತು. ಗೋಧಿ.

ನಾನು ಅಲ್ಲೇ ನಿಂತೆ. ನನ್ನ ಹಿಡಿ ಅಕ್ಕಿಯ ಪಾಠ ರಾಗಿಗೆ ಸರಿ. ರಾಗಿ ಬೆರೆತರೆ ಕಣ್ಣಿಗೆ ಕಾಣುತ್ತದೆ, ಮೆಣಸಿನಕಾಯಿ ಬೆರೆತರೆ ಮೂಗಿಗೆ ಗೊತ್ತಾಗುತ್ತದೆ. ಬಿಳಿಯಲ್ಲಿ ಬಿಳಿ ಬೆರೆತರೆ ಯಾವ ಕಣ್ಣು ಹೇಳುತ್ತದೆ? ಮಡಿಯವರಿಗೆ ಕಣ್ಣಿಗೆ ಶುದ್ಧವಾದರೆ ಸಾಕು. ಆ ಮಗುವಿನ ಹೊಟ್ಟೆಗೆ ಸಾಲದು. ಅವರು ಬಾಯಿ ಬಿಟ್ಟು ಹೇಳಿದ್ದರು, "ಒಂಚೂರೂ" ಎಂದು. ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

ಬಿಲ್ಲಿನ ಕೌಂಟರಿನ ಹುಡುಗಿಯ ಹತ್ತಿರ ಓಡಿದೆ. ನನ್ನ ಜೊತೆ ಊಟಕ್ಕೆ ಕೂರುವವಳು ಅವಳೊಬ್ಬಳೇ. ಬೀಸಿದ ಚೀಟಿ ನೋಡಿ ಕಂಪ್ಯೂಟರಿನಲ್ಲಿ ಹುಡುಕಿದಳು.

"ಇಲ್ಲಿದೆ ಆಂಟಿ. ಆದ್ರೆ ಫೋನ್ ನಂಬರ್ ಪೂರ್ತಿ ತೋರ್ಸಲ್ಲ. ಕೊನೇ ಎರಡು ಅಂಕಿ ಮಾತ್ರ, ಉಳಿದದ್ದು ಬರೀ ಚುಕ್ಕಿ. ಗಿರಾಕಿಗಳ ನಂಬರ್ ನಾವು ದುರುಪಯೋಗ ಮಾಡ್ಕೋಬಾರ್ದು ಅಂತ."

"ಯಾರಿಗೆ ಕಾಣತ್ತೆ?"

"ಕಸ್ಟಮರ್ ಕೇರ್‌ನವರಿಗೆ."

ಅವಳ ಫೋನಿನಿಂದಲೇ ನಮ್ಮ ಕಂಪನಿಯ ಗ್ರಾಹಕ ಸೇವೆಯ ನಂಬರಿಗೆ ಮಾಡಿದೆವು. ಒಂದು ಒತ್ತಿ, ಮೂರು ಒತ್ತಿ, ಕಾಯಿರಿ, ಹಾಡು. ಕೊನೆಗೆ ಒಬ್ಬ ಹುಡುಗಿಯ ದನಿ ಬಂತು. ಕೌಂಟರಿನ ಹುಡುಗಿ ಫೋನನ್ನು ಸ್ಪೀಕರಿನಲ್ಲಿ ಹಾಕಿದಳು.

"ನಿಮ್ಮ ಬಿಲ್ ಸಂಖ್ಯೆ ಹೇಳಿ ಮೇಡಂ."

"ನಂದಲ್ಲಮ್ಮ, ಗಿರಾಕೀದು. ನಾನು ಅಂಗಡಿಯೋಳು. ನಾನು ಕೊಟ್ಟ ಹಿಟ್ಟು ಸರಿ ಇಲ್ಲ, ಅವರಿಗೆ ತಿಳಿಸ್ಬೇಕು."

"ದೂರು ಗ್ರಾಹಕರೇ ದಾಖಲಿಸ್ಬೇಕು ಮೇಡಂ."

"ಅವರಿಗೆ ಗೊತ್ತೇ ಇಲ್ವಲ್ಲ, ಹೆಂಗ್ ದಾಖಲಿಸ್ತಾರೆ?"

ಪಾಪ, ಅವಳ ಮುಂದಿರುವ ಪರದೆಯಲ್ಲಿ ಈ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲವೆಂದು ಕಾಣುತ್ತದೆ. "ನಿಮ್ಮ ವಿಷಯ ಮೇಲಿನವರಿಗೆ ಕಳಿಸಿದೀನಿ ಮೇಡಂ, ಮೂರು ದಿನದಲ್ಲಿ ಉತ್ತರ ಬರುತ್ತೆ. ನಮ್ಮ ಸೇವೆಗೆ ಎಷ್ಟು ಅಂಕ ಕೊಡ್ತೀರಾ?" ಎಂದಳು. ಕೌಂಟರಿನ ಹುಡುಗಿ ಫೋನ್ ಇಟ್ಟು ತಲೆ ಚಚ್ಚಿಕೊಂಡಳು.

ಮ್ಯಾನೇಜರ್ ಕೋಣೆಗೆ ಹೋದೆ. ಆ ಕೋಣೆಯ ಬಾಗಿಲನ್ನು ನಾನಾಗಿ ತಟ್ಟಿದ್ದು ಅದೇ ಮೊದಲು. ಅವರು ನನ್ನ ಮಗನ ವಯಸ್ಸಿನವರು, ನನ್ನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ. ತಡವರಿಸಿ ತಡವರಿಸಿ ಎಲ್ಲ ಹೇಳಿದೆ. ಅಂಗೈಯಲ್ಲಿದ್ದ ಗೋಧಿಯ ಉಂಡೆಯನ್ನೂ ತೋರಿಸಿದೆ.

ಅವರು ಅದನ್ನು ನೋಡಿ, ಬಾಗಿಲು ಹಾಕಿ ಬಂದರು. "ಅಮ್ಮಾ, ಕೂತ್ಕೊಳ್ಳಿ. ಅವರಿಗೆ ಏನೂ ಆಗ್ದೇ ಇರಬಹುದು. ಒಂದು ಚಿಟಿಕೆ ಬೆರೆತಿದ್ರೆ ಬೆರೆತಿರಬಹುದು. ನಾವಾಗೇ ಹೋಗಿ ತಪ್ಪಾಯ್ತು ಅಂದ್ರೆ, ನಾಳೆ ಅವರು ವಕೀಲರನ್ನ ಕರ್ಕೊಂಡ್ ಬಂದ್ರೆ? ನಿಮ್ ಕೆಲ್ಸಾನೂ ಹೋಗತ್ತೆ, ನಂದೂ ಹೋಗತ್ತೆ. ಅವರು ದೂರು ತಂದ್ರೆ ಹಿಟ್ಟು ವಾಪಸ್ ತಗೊಳ್ಳೋಣ, ಹೊಸ ಅಕ್ಕಿ ಕೊಡೋಣ. ಈಗ ಸುಮ್ನಿರಿ."

"ಮಗು ತಿಂದ್ಬಿಡತ್ತೆ ಸಾರ್."

"ಅಮ್ಮಾ, ನಾನು ಹೇಳಿದ್ದು ಅರ್ಥ ಆಯ್ತಲ್ವಾ?"

ಅರ್ಥವಾಗಿತ್ತು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಅವರ ಹೆದರಿಕೆ ನಿಜವಾದದ್ದೇ. ನನಗೂ ಆ ಕೆಲಸ ಬೇಕಿತ್ತು. ನಿಮ್ಮ ತಾತ ಹೋದ ಮೇಲೆ ಯಾರ ಮುಂದೆಯೂ ಕೈ ಚಾಚದ ಹಾಗೆ ನನ್ನನ್ನು ನಿಲ್ಲಿಸಿದ್ದು ಅದು. ಗಿರಣಿಗೆ ವಾಪಸ್ ಬಂದು ಸ್ಟೂಲಿನ ಮೇಲೆ ಕೂತೆ. ರಿಪೇರಿಯವನು ಕಲ್ಲಿಗೆ ಉಳಿ ಹೊಡೆಯುತ್ತಿದ್ದ. ಅವನ ಒಂದೊಂದು ಏಟಿಗೂ ಆ ಹೆಂಗಸು ನಕ್ಕದ್ದು ನೆನಪಾಯಿತು. ನನ್ನ ಅಂಗೈ ನೋಡಿ ನಕ್ಕಿದ್ದರು. ಅಂಗಡಿಯ ಹೆಸರನ್ನು ನೋಡಿ ಬಂದರೂ, ಕೊನೆಗೆ ನಂಬಿದ್ದು ನನ್ನ ಮಾತನ್ನು. ಕಂಪನಿಗೆ ಮೂರು ದಿನ ಹಿಡಿಯಲಿ, ನನಗೂ ಮೂರು ದಿನ ಯಾಕೆ?

ಕೌಂಟರಿನ ಹುಡುಗಿಗೆ ಹೇಳಿದೆ: "ನಾನು ವೈಯಾಲಿಕಾವಲ್‌ಗೆ ಹೋಗ್ತಿದೀನಿ. ಸಾರ್ ಕೇಳಿದ್ರೆ ಸುಳ್ಳು ಹೇಳ್ಬೇಡ."

"ಮನೆ ಗೊತ್ತಾ ಆಂಟಿ?"

"ಇಲ್ಲ. ಅವರ ಮನೆ ಹತ್ರದ ಫ್ಲೋರ್ ಮಿಲ್ ಹುಡುಕ್ತೀನಿ."

ನಡೆದೇ ಹೋದೆ. ದಾರಿಯಲ್ಲಿ ಜನ ತಿರುಗಿ ನೋಡುತ್ತಿದ್ದರು. ಯಾಕೆಂದು ಆಮೇಲೆ ಗೊತ್ತಾಯಿತು. ಅಂಗಡಿಯ ಹೆಸರು ಬರೆದ ಹಸಿರು ಏಪ್ರನ್ ಬಿಚ್ಚಲು ಮರೆತಿದ್ದೆ. ತಲೆಗೂದಲೆಲ್ಲ ಹಿಟ್ಟು. ಅಪರಿಚಿತರನ್ನು ದಾರಿ ಕೇಳುವುದೆಂದರೆ ನನಗೆ ಆಗದ ಕೆಲಸ, ನಿಮಗೇ ಗೊತ್ತು. ಹೂ ಮಾರುವವಳನ್ನು ಕೇಳಿದೆ, ಇಸ್ತ್ರಿಯವನನ್ನು ಕೇಳಿದೆ. ಇಸ್ತ್ರಿಯವನು ಒಂದು ಓಣಿ ತೋರಿಸಿದ.

ಮಿಲ್ಲು ಒಂದು ಬಾಗಿಲಿನ ಮಳಿಗೆ. ಅದರ ಯಜಮಾನರು ಹೊಸ್ತಿಲ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು. ನನ್ನ ಏಪ್ರನ್ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಬನ್ನಿ ಬನ್ನಿ. ನನ್ನ ಗಿರಾಕಿಗಳ್ನ ಅಲ್ಲಿಗೆ ಎಳ್ಕೊಂಡಿದ್ದು ಸಾಲ್ದು ಅಂತ ಮನೆ ಮನೆಗೂ ಬರ್ತಿದೀರಾ?"

ಹಿಟ್ಟು ಬೀಸಿಸಿಕೊಂಡು ಹೋದ ಹೆಂಗಸಿನ ವಿಷಯ ಹೇಳಿದೆ. ಅವರ ಮುಖದ ನಗೆ ನಿಂತಿತು.

"ಆ ಮಗುವಿನ ತಾಯೀನಾ? ನಾಲ್ಕು ದಿನದ ಹಿಂದೆ ಇಲ್ಲಿಗೇ ಬಂದಿದ್ರು. ನಮ್ಮಲ್ಲಿ ಆಗಲ್ಲ ತಾಯಿ, ಈ ಕಲ್ಲಲ್ಲಿ ಗೋಧಿ ಬೀಸ್ತೀನಿ, ಮನೇಲೇ ಮಿಕ್ಸಿಗೆ ಹಾಕ್ಕೊಳ್ಳಿ ಅಂತ ವಾಪಸ್ ಕಳಿಸ್ದೆ. ನೀವು ಹೆಂಗ್ ಒಪ್ಕೊಂಡ್ರಿ?"

"ಗೊತ್ತಾಗ್ಲಿಲ್ಲ ಅಣ್ಣ."

ಅವರು ನನ್ನನ್ನು ಹೆಚ್ಚು ಕೇಳಲಿಲ್ಲ. ಚಪ್ಪಲಿ ಮೆಟ್ಟಿ ತಾವೇ ತಿರುವಿನವರೆಗೆ ಬಂದು ಮನೆ ತೋರಿಸಿದರು. "ಮೇಲಿನ ಮಹಡಿ. ಧೈರ್ಯವಾಗಿ ಹೇಳಿ, ಹೊಡೆಯಲ್ಲ" ಎಂದರು.

ಮೆಟ್ಟಿಲು ಹತ್ತುವಾಗಲೇ ಎಣ್ಣೆಯ ವಾಸನೆ ಬಂತು. ಬಾಗಿಲು ತೆರೆದದ್ದು ಆ ಹೆಂಗಸಿನ ಅತ್ತೆ. ಅವರ ಹಿಂದೆ ಏಳೆಂಟು ವರ್ಷದ ಹುಡುಗಿ, ಎರಡು ಜಡೆ, ಬಾಯಿ ಆಡಿಸುತ್ತಿತ್ತು.

"ಹುಟ್ಟಿದಬ್ಬ ನಾಳೆ ಅಂದಿದ್ರಲ್ಲ, ಇವತ್ತೇ ಕರಿದ್ಬಿಟ್ರಾ?" ಎಂದೆ. ನನ್ನ ಬಾಯಿಂದ ಬಂದ ಮೊದಲ ಮಾತು ಅದೇ.

ಒಳಗಿನಿಂದ ಆ ಹೆಂಗಸು ಜಾಲರಿ ಸೌಟು ಹಿಡಿದೇ ಬಂದರು. ಗುರುತು ಸಿಕ್ಕಿ ಮುಖ ಅರಳಿತು. "ಅರೆ, ನೀವು! ಇವಳು ಬಿಡ್ಲಿಲ್ಲ, ಸ್ವಲ್ಪ ಈಗ್ಲೇ ಮಾಡು ಅಂತ. ಏನಾದ್ರೂ ಬಿಟ್ಟು ಬಂದ್ನಾ ಅಲ್ಲಿ?"

ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮಿಷನ್ ಬಿಚ್ಚಿದ್ದು, ಒಳಗೆ ಗೋಧಿ ಕಂಡದ್ದು, ನಾನು ಶುದ್ಧ ಎಂದದ್ದು ಸುಳ್ಳಾದದ್ದು. ಅವರ ಮುಖ ನೋಡನೋಡುತ್ತಾ ಬಿಳಿಚಿತು. ತಿರುಗಿ ಮಗಳ ಮುಂದೆ ಮೊಣಕಾಲೂರಿದರು.

"ಎಷ್ಟು ತಿಂದೆ ಪುಟ್ಟಿ?"

"ಎರಡು. ಅಲ್ಲ, ಎರಡೂವರೆ."

ಆ ಅರ್ಧ ಅದರ ಕೈಯಲ್ಲಿತ್ತು. ತಾಯಿ ಅದನ್ನು ಕಿತ್ತುಕೊಂಡರು. ಮಗು ಅಳಲು ಶುರುಮಾಡಿತು, ಹುಟ್ಟುಹಬ್ಬದ ತಿಂಡಿ ಕಿತ್ತುಕೊಂಡರೆ ಯಾವ ಮಗು ಅಳುವುದಿಲ್ಲ. ಆ ಹೆಂಗಸು ಒಲೆ ಆರಿಸಿದರು. ಕಲಸಿದ ಹಿಟ್ಟು, ಕರಿದದ್ದು, ಗಂಟಿನಲ್ಲಿ ಉಳಿದದ್ದು ಎಲ್ಲವನ್ನೂ ಒಂದು ಚೀಲಕ್ಕೆ ಸುರಿದರು. ಎಣ್ಣೆಯ ಬಾಣಲೆಯನ್ನೂ ಆಚೆ ಇಟ್ಟರು. ಡಾಕ್ಟರಿಗೆ ಫೋನ್ ಮಾಡಿದರು. ನಾನು ಬಾಗಿಲ ಹೊರಗೇ ನಿಂತಿದ್ದೆ.

ಫೋನ್ ಇಟ್ಟು ನನ್ನ ಕಡೆ ಬಂದರು. "ನೀವು ಹೇಳಿದ್ರಲ್ಲ, ಶುದ್ಧ ಅಂತ? ನಾನು ಕೇಳ್ಕೊಂಡೆ ತಾನೆ? ಗೊತ್ತಿಲ್ಲ ಅಂದಿದ್ರೆ ಮಿಕ್ಸಿಗೆ ಹಾಕ್ಕೊಳ್ತಿದ್ದೆ. ಒಂದು ಗಂಟೆ ಕೆಲ್ಸ!"

"ಹೌದಮ್ಮ. ತಪ್ಪಾಯ್ತು."

"ಹೋಗಿ ಈಗ. ದಯವಿಟ್ಟು ಹೋಗಿ."

ಅತ್ತೆ ನೀರು ತಂದಿದ್ದರು. ಕುಡಿಯಲು ಮನಸ್ಸಾಗಲಿಲ್ಲ. ಲೋಟವನ್ನು ಕಿಟಕಿಯ ಮೇಲಿಟ್ಟು ಇಳಿದೆ.

ಅಂಗಡಿಗೆ ಬಂದಾಗ ಮ್ಯಾನೇಜರ್ ಗಿರಣಿಯ ಮುಂದೆಯೇ ನಿಂತಿದ್ದರು. ಗಿರಾಕಿಗಳ ಎದುರು ಏನೂ ಅನ್ನಲಿಲ್ಲ. ಮರುದಿನ ಒಂದು ಕಾಗದ ಕೊಟ್ಟರು. ಕೆಲಸದ ಹೊತ್ತಿನಲ್ಲಿ ಅನುಮತಿ ಇಲ್ಲದೆ ಹೋದದ್ದು, ಹೇಳಿದ್ದನ್ನು ಮೀರಿದ್ದು, ಮೇಲಿನವರು ತೀರ್ಮಾನಿಸುವವರೆಗೆ ಗಿರಣಿಗೆ ಹೋಗಬಾರದು. ನನ್ನನ್ನು ಈರುಳ್ಳಿ ಆರಿಸಲು ಹಾಕಿದರು. ಮೂರು ದಿನ ಕೊಳೆತದ್ದು ಬೇರೆ, ಒಳ್ಳೆಯದು ಬೇರೆ ಮಾಡುತ್ತ ಕೂತೆ. ಕಂಪನಿ ಏನು ತೀರ್ಮಾನಿಸುತ್ತದೆ ಎನ್ನುವುದಕ್ಕಿಂತ ಆ ಮಗು ಹೇಗಿದೆಯೋ ಎನ್ನುವುದೇ ತಲೆಯಲ್ಲಿತ್ತು. ಹೋಗಿ ಕೇಳುವ ಮುಖ ನನಗಿರಲಿಲ್ಲ. ಆ ದಿನಗಳಲ್ಲಿ ನಾನು ಊಟ ಬಿಟ್ಟದ್ದನ್ನು ನಿಮ್ಮಮ್ಮ ಉಪವಾಸ ಎಂದುಕೊಂಡಿದ್ದಳು.

ನಾಲ್ಕನೆಯ ದಿನ ಆ ಹೆಂಗಸು ಬಂದರು. ಸೀದಾ ಮ್ಯಾನೇಜರ್ ಹತ್ತಿರ ಹೋದರು. ಕೌಂಟರಿನ ಹುಡುಗಿ ಓಡಿಬಂದು, "ಆಂಟಿ, ನಿಮ್ಮನ್ನೂ ಕರೀತಿದಾರೆ" ಎಂದಳು. ಕೈ ತೊಳೆಯದೆ ಹೋದೆ.

ಮ್ಯಾನೇಜರ್ ಮೇಜಿನ ಮೇಲೆ ಒಂದು ಉಡುಗೊರೆ ಕೂಪನ್ ಇಟ್ಟಿದ್ದರು. ಅದು ಅಲ್ಲೇ ಬಿದ್ದಿತ್ತು.

"ಮಗು ಹೆಂಗಿದೆ?" ಎಂದೆ. ಮ್ಯಾನೇಜರ್ ಮಾತಾಡುತ್ತಿದ್ದರು, ಅವರ ಮಾತಿನ ನಡುವೆಯೇ ಕೇಳಿಬಿಟ್ಟೆ.

"ಎರಡು ದಿನ ವಾಂತಿ, ಹೊಟ್ಟೆನೋವು. ಹುಟ್ಟಿದಬ್ಬ ಹಾಸಿಗೇಲೇ ಕಳೀತು. ಇವತ್ತು ಸ್ಕೂಲಿಗೆ ಹೋಗಿದಾಳೆ" ಎಂದರು. ಆಮೇಲೆ ಮ್ಯಾನೇಜರ್ ಕಡೆ ತಿರುಗಿದರು. "ನಾನು ಇವರ ಮೇಲೆ ದೂರು ಕೊಡಕ್ಕೆ ಬಂದಿಲ್ಲ. ಕೋಪ ಇದೆ, ಇಲ್ಲ ಅನ್ನಲ್ಲ. ಆದ್ರೆ ಇವರು ಬಂದು ಹೇಳ್ದೇ ಇದ್ದಿದ್ರೆ ಆ ಮೂರು ಕೆಜಿನೂ ಅವಳಿಗೇ ತಿನ್ನಿಸ್ತಿದ್ದೆ. ವಾರಗಟ್ಲೆ. ಯಾಕೆ ಹೊಟ್ಟೆನೋವು ಅಂತ ಗೊತ್ತಾಗ್ದೆ ಮತ್ತೆ ಆಸ್ಪತ್ರೆ ಸುತ್ತುತ್ತಿದ್ದೆ. ನನಗೆ ಕೂಪನ್ ಬೇಡ. ನಿಮ್ಮ ಮಿಷನ್ನಲ್ಲಿ ನನ್ನ ಮಗಳಿಗೆ ಹಿಟ್ಟು ಮಾಡಕ್ಕೆ ಆಗತ್ತಾ, ಇಲ್ವಾ? ಅದೊಂದು ಹೇಳಿ."

ಮ್ಯಾನೇಜರ್ ಕೂಪನ್ನನ್ನು ಪಕ್ಕಕ್ಕೆ ಸರಿಸಿದರು. "ಹೆಡ್ ಆಫೀಸಿಗೆ ಬರ್ದಿದೀನಿ ಮೇಡಂ. ಸ್ವಚ್ಛತೆಯ ಹೊಸ ಕ್ರಮ ಏನಾದ್ರೂ ತರೋಕೆ..."

"ಆಗಲ್ಲ" ಎಂದೆ.

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. "ಎಷ್ಟು ತೊಳೆದ್ರೂ ಆಗಲ್ಲಮ್ಮ. ಕಲ್ಲಿನ ಕಚ್ಚಿನಲ್ಲೇ ಕೂತಿರತ್ತೆ. ಬೇರೆ ಕಲ್ಲು, ಬೇರೆ ಮಿಷನ್ನು ಇದ್ರೆ ಮಾತ್ರ ಆಗತ್ತೆ. ಇಲ್ಲಿ ಇಲ್ಲ."

ಅವರು ಎದ್ದರು. "ಇದನ್ನ ಅವತ್ತೇ ಹೇಳ್ಬೇಕಿತ್ತು" ಎಂದರು.

"ಹೇಳ್ಬೇಕಿತ್ತು."

ಅಷ್ಟೇ. ಕೂಪನ್ ಅಲ್ಲೇ ಬಿಟ್ಟು ಹೋದರು. ಆಮೇಲೆ ಅವರು ಗಿರಣಿಯ ಕಡೆ ಬಂದಿಲ್ಲ. ಬರಲಿ ಎಂದು ಬಯಸುವ ಹಕ್ಕೂ ನನಗಿಲ್ಲ.

ನಾನು ಮಾತ್ರ ಕೋಣೆಯಿಂದ ಹೊರಡಲಿಲ್ಲ. ಇನ್ನೊಂದು ಮಾತು ಬಾಯಲ್ಲಿತ್ತು. "ಸಾರ್, ಅದನ್ನೇ ಬರ್ದು ಗಿರಣಿ ಮುಂದೆ ಹಾಕೋಣ."

"ಏನಂತ?"

"ಇಲ್ಲಿ ಗೋಧಿ ಬೀಸ್ತೀವಿ, ಗೋಧಿ ಆಗ್ದೋರು ಇಲ್ಲಿ ಬೀಸಿಸ್ಬೇಡಿ ಅಂತ."

"ಗಿರಾಕಿಗಳ್ನ ವಾಪಸ್ ಕಳ್ಸೋ ಬೋರ್ಡಾ ಅಮ್ಮ? ಅದೂ ಕೈಬರಹದ್ದು ಹಾಕೋ ಹಂಗೇ ಇಲ್ಲ ನಮ್ಮಲ್ಲಿ" ಎಂದರು. ಆ ಹೆಂಗಸು ಬಿಟ್ಟುಹೋದ ಕೂಪನ್ನನ್ನು ಎತ್ತಿ ನೋಡಿದರು. ಆಮೇಲೆ ಡ್ರಾಯರ್ ಎಳೆದು, ಒಂದು ದಪ್ಪ ನೀಲಿ ಸ್ಕೆಚ್ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಅಕ್ಷರ ದೊಡ್ಡದಾಗಿರ್ಲಿ" ಎಂದರು.

ಬಿಸ್ಕತ್ತಿನ ರಟ್ಟಿನ ಡಬ್ಬ ಹರಿದು ಅದರ ಮೇಲೆ ಬರೆದೆ. ನಮ್ಮ ಮೇಷ್ಟ್ರು ಕಲಿಸಿದ ದುಂಡು ಅಕ್ಷರ. 'ಈ ಮಿಷನ್ನಿನಲ್ಲಿ ಗೋಧಿಯನ್ನೂ ಬೀಸುತ್ತೇವೆ. ಎಷ್ಟು ಶುಚಿ ಮಾಡಿದರೂ ಒಳಗೆ ಸ್ವಲ್ಪ ಉಳಿಯುತ್ತದೆ. ಗೋಧಿ ಆಗದವರಿಗೆ ಇಲ್ಲಿಯ ಹಿಟ್ಟು ಬೇಡ.' ವಾರದ ಮೇಲೆ ನನ್ನನ್ನು ಗಿರಣಿಗೆ ವಾಪಸ್ ಹಾಕಿದರು. ಮೇಲಿನವರ ತೀರ್ಮಾನ ಏನಾಯಿತೋ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ರಟ್ಟನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಅಚ್ಚು ಹಾಕಿಸ್ತಿದೀವಿ ಸಾರ್, ಬರೋವರೆಗೂ ಇರ್ಲಿ ಅಂತ" ಎಂದರು ಮ್ಯಾನೇಜರ್. ಅಚ್ಚು ಹಾಕಿಸಿದ್ದು ಇನ್ನೂ ಬಂದಿಲ್ಲ. ರಟ್ಟಿನ ಮೂಲೆ ಸುರುಟಿದಾಗ ಮ್ಯಾನೇಜರೇ ಟೇಪು ಹಚ್ಚುತ್ತಾರೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನೀವು ವಾದ ಮಾಡಿದ ಹಿಂದಿನ ದಿನ, ಶನಿವಾರ ನಡೆದದ್ದನ್ನೂ ಹೇಳಬೇಕು.

ಹೋದ ತಿಂಗಳು ನಮ್ಮ ಅಂಗಡಿಯ ಬಾಗಿಲಲ್ಲಿ ಹೊಸದೊಂದು ಪೆಟ್ಟಿಗೆ ಇಟ್ಟಿದ್ದಾರೆ. ಅದರಲ್ಲಿ ಒಂದು ಹಸಿರು ನಗುವ ಮುಖ, ಒಂದು ಕೆಂಪು ಸಿಟ್ಟಿನ ಮುಖ. ಸೇವೆ ಹೇಗಿತ್ತು ಎಂದು ಹೋಗುವವರು ಒಂದನ್ನು ಒತ್ತಬೇಕು. ಅವತ್ತು ಒಬ್ಬ ಯುವಕ ಅಕ್ಕಿ ಹಿಡಿದು ಬಂದ. ಬೋರ್ಡು ಓದದೆ, "ಬೇರೆ ಏನೂ ಮಿಕ್ಸ್ ಆಗ್ಬಾರ್ದು ಆಂಟಿ, ನನ್ನ ಹೆಂಡತಿಗೆ ಗೋಧಿ ಆಗಲ್ಲ" ಎಂದ. ನಾನು ಮಿಷನ್ ನಿಲ್ಲಿಸಿ, ಹೊರಗೆ ಬಂದು, ಬೋರ್ಡು ತೋರಿಸಿ, ಮನೆಯಲ್ಲೇ ಮಿಕ್ಸಿಗೆ ಹಾಕಿ ಜರಡಿ ಹಿಡಿಯಪ್ಪ ಎಂದೆ.

"ಇಷ್ಟು ದೊಡ್ಡ ಅಂಗಡಿ ಇಟ್ಕೊಂಡು ಇಷ್ಟೂ ಆಗಲ್ವಾ? ಒಂದ್ಸಲ ಕ್ಲೀನ್ ಮಾಡಿ ಹಾಕಿ, ಏನ್ ಆಗತ್ತೆ?"

"ಆಗಲ್ಲಪ್ಪ."

"ಏನ್ ಸರ್ವಿಸ್ಸೋ ಏನೋ" ಎಂದು ಗೊಣಗಿಕೊಂಡು ಅಕ್ಕಿ ಎತ್ತಿಕೊಂಡು ಹೊರಟ. ಬಾಗಿಲಲ್ಲಿ ನಿಂತು ಕೆಂಪು ಮುಖವನ್ನು ಒತ್ತಿದ. ಒಂದಲ್ಲ, ಮೂರು ಸಲ.

ಸಂಜೆ ಮ್ಯಾನೇಜರ್ ಗಾಜು ತಟ್ಟಿದರು. "ಅಮ್ಮಾ, ಇವತ್ತು ಗಿರಣಿಯಿಂದ ಹೋದೋರು ಮೂರು ಸಲ ಕೆಂಪು ಒತ್ತಿದಾರಂತೆ. ಏನಾಯ್ತು?"

ಹೇಳಿದೆ. ಅವರು ತಮ್ಮ ಕೈಯಲ್ಲಿದ್ದ, ಹಸಿರು ಕೆಂಪು ಎಷ್ಟೆಷ್ಟು ಬಿತ್ತೆಂಬ ಪಟ್ಟಿಯನ್ನು ಒಮ್ಮೆ ನೋಡಿದರು. ಆ ಪಟ್ಟಿ ಮೇಲಿನವರಿಗೆ ಹೋಗುತ್ತದೆ. ಕೆಂಪು ಬಿದ್ದದ್ದಕ್ಕೆ ಕಾರಣ ಬರೆಯುವ ಜಾಗ ಅದರಲ್ಲಿಲ್ಲ.

"ಇರ್ಲಿ ಬಿಡಿ" ಎಂದರು. "ಆತ ಮನೆಗೆ ಹೋಗಿ ಮಿಕ್ಸಿಗೆ ಹಾಕ್ತಾನಲ್ವಾ?"

"ಹಾಕ್ತಾನೆ ಸಾರ್" ಎಂದೆ. ಅವರು ಪಟ್ಟಿಗೆ ಸಹಿ ಮಾಡಿದರು. ನಾನು ಕಾದಿದ್ದವರ ರಾಗಿಯನ್ನು ಕಲ್ಲಿಗೆ ಸುರಿದೆ.